ನೆಲಗಪ್ಪೆಗಳ ಗೋಡೆ ಮುಗಿದ ಮೇಲೆ

ಚಿತ್ರಗಾರರಿಗೆ, ಬರಿಯ ನಮಸ್ಕಾರಕ್ಕಿಂತ ಸ್ವಲ್ಪ ಹೆಚ್ಚಿನದರೊಂದಿಗೆ,

"ನೆಲವ ನಂಬಿದ ಜೀವ ನೀರ ಹಾದಿಯ ಮರೆತು..." ಹೀಗೆ ಶುರುವಾಗುವ ಒಂದು ಸಾಲು ಬೆಳಗಿನಿಂದ ನಾಲಿಗೆಯ ತುದಿಯಲ್ಲಿ ಕೂತಿದೆ. ಮುಂದಿನದು ಬರುತ್ತಿಲ್ಲ. ಕಾಲೇಜಿನ ದಿನಗಳಲ್ಲಿ ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿದ್ದು. ಬರೆದವರ ಹೆಸರು ಅದರಲ್ಲಿ ಇತ್ತೋ ಇಲ್ಲವೋ, ನೆನಪಿಲ್ಲ. ಮರೆತು ಏನಾಯಿತು? ಸುಖವಾಗಿತ್ತೇ, ಸೊರಗಿತೇ? ಅಷ್ಟಕ್ಕೂ ಮರೆಯುವುದಾದರೂ ನಿಜವೇ? ನೆಲಗಪ್ಪೆ ವರ್ಷವಿಡೀ ಕಲ್ಲಿನ ಕೆಳಗೆ, ಹೂಕುಂಡದ ಹಿಂದೆ, ಗೋಡೆಯ ಬಿರುಕಿನಲ್ಲಿ, ನೀರಿನ ಹಂಗೇ ಇಲ್ಲದಂತೆ ಇದ್ದುಬಿಡುತ್ತದೆ. ಆದರೆ ಮೊಟ್ಟೆಯಿಡುವ ಕಾಲ ಬಂದರೆ ಹೊಂಡವೋ ಗುಂಡಿಯೋ, ನೀರನ್ನು ಹುಡುಕಿಕೊಂಡು ಹೋಗಿಯೇ ಹೋಗುತ್ತದೆ. ಆದ್ದರಿಂದ ಆ ಕವಿ ನೆಲಗಪ್ಪೆಯನ್ನು ಸರಿಯಾಗಿ ನೋಡಿರಲಿಲ್ಲ ಎಂದು ಹಲ್ಲುಜ್ಜುತ್ತಾ ತೀರ್ಮಾನಿಸಿದೆ. ಮುಖ ಒರೆಸಿಕೊಳ್ಳುವಾಗ ನೆನಪಾಯಿತು: ನೀರನ್ನು ನಿಜವಾಗಿಯೂ ಮರೆತವೂ ಇವೆಯಲ್ಲ. ಮೊಟ್ಟೆಯನ್ನೇ ಇಡದೆ ಮರಿಹಾಕುವವು. ನಿಮ್ಮ ಗೋಡೆಯ ಬಲಮೂಲೆಯಲ್ಲಿ ನೀವೇ ಬರೆದವು. ಹಾಗಾದರೆ ಕವಿ ಹೇಳಿದ್ದು ಸರಿಯೇ ಇರಬಹುದು.

ನೋಡಿ, ಒಂದು ಸಾಲನ್ನು ಒಪ್ಪುವುದಕ್ಕೂ ನನಗೆ ಇಷ್ಟು ಸುತ್ತು ಬೇಕು. ಇನ್ನು ನೀವು ಕೇಳಿದ ಮಾತಿಗೆ ಮಂಗಳವಾರದಿಂದ ಭಾನುವಾರದವರೆಗೆ ಸಮಯ ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ.

ಮಂಗಳವಾರ ಸಂಜೆ ನಮ್ಮ ಮ್ಯೂಸಿಯಂನ ನೆಲಮಾಳಿಗೆಯ ನಲ್ಲಿಯ ಕೆಳಗೆ ಕುಂಚ ತೊಳೆಯುತ್ತಾ, ನನಗೆ ಬೆನ್ನು ಮಾಡಿಕೊಂಡೇ ಹೇಳಿದಿರಿ: "ಮೇಡಂ, ಕೆಲಸ ಮುಗೀತು. ಇನ್ಮೇಲೆ ದಿನಾ ಇಲ್ಲಿಗೆ ಬರೋಕೆ ನನಗೆ ನೆಪ ಇಲ್ಲ. ನೆಪ ಇಲ್ದೇನೂ ಬರಬಹುದಾ? ಬಂದು ಹೋಗೋಕಲ್ಲ. ಇರೋಕೆ." ನೀವು ನಲ್ಲಿ ನಿಲ್ಲಿಸಿದಿರಿ. "ಮದುವೆ ವಿಷಯ ಮಾತಾಡ್ತಿದೀನಿ. ಅರ್ಥ ಆಗ್ಲಿಲ್ಲ ಅಂತ ಆಮೇಲೆ ಅನ್ಬೇಡಿ." ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ದೂರದ ಮ್ಯೂಸಿಯಮೊಂದು ಹಕ್ಕಿಗಳ ಚಿತ್ರಕ್ಕೆ ನಿಮ್ಮನ್ನು ಕರೆದಿದೆ, ವರ್ಷಗಟ್ಟಲೆ ನಡೆಯುವ ಕೆಲಸ, ಸೋಮವಾರದೊಳಗೆ ಉತ್ತರ ಕೊಡಬೇಕು ಎಂದೂ ತಿಳಿಸಿದಿರಿ. "ನೀವು ಹೂಂ ಅಂದ್ರೆ ಅವರಿಗೆ ಆಗಲ್ಲ ಅಂತ ಬರೀತೀನಿ. ಊಹೂಂ ಅಂದ್ರೆ ಹಕ್ಕಿಗಳ ಹತ್ರ ಹೋಗ್ತೀನಿ."

ನಾನು ಕೈಗೆ ಸಿಕ್ಕ ಕಪ್ಪೆಯ ಜಾಡಿಯೊಂದನ್ನು ತೆಗೆದುಕೊಂಡು, ಮೊದಲೇ ಬಿಗಿಯಾಗಿದ್ದ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿ, ಕಪಾಟಿನ ಸಂದಿಯಲ್ಲಿ ಹೋಗಿ ನಿಂತೆ. ನೀವು ಕುಂಚಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಿರಿ. "ನಿಧಾನವಾಗಿ ಹೇಳಿ" ಎಂದು ಹೋದಿರಿ. ನಿಮ್ಮ ಚಪ್ಪಲಿಯ ಸದ್ದು ಮೆಟ್ಟಿಲು ಹತ್ತಿ, ಪಾದಚಾರಿ ದಾರಿಯ ಮಟ್ಟದಲ್ಲಿರುವ ನಮ್ಮ ಕಿಟಕಿಯ ಮುಂದೆ ಹಾದು ಹೋಯಿತು. ಆ ಕಿಟಕಿಯಿಂದ ಊರಿನವರ ಕಾಲುಗಳಷ್ಟೇ ಕಾಣುತ್ತವೆ. ಅಷ್ಟು ಕಾಲುಗಳಲ್ಲಿ ನಿಮ್ಮವನ್ನು ಗುರುತಿಸಬಲ್ಲೆ ಎಂದು ಅವತ್ತು ನನಗೆ ಗೊತ್ತಾಯಿತು.

ಉತ್ತರ ಈ ಪತ್ರದಲ್ಲಿಯೇ ಇದೆ. ಆದರೆ ನಮ್ಮ ಕಸುಬಿನ ರೀತಿ ನಿಮಗೆ ಗೊತ್ತು. ಹೊಸ ಜೀವಿಯೊಂದು ಸಿಕ್ಕಿದ ತಕ್ಷಣ ಯಾರೂ ಹೆಸರಿಡುವುದಿಲ್ಲ. ಮೂತಿ ಹೇಗಿದೆ, ಬೆರಳುಗಳಲ್ಲಿ ಯಾವುದು ಉದ್ದ, ಹೊಟ್ಟೆಯ ಬಣ್ಣವೇನು, ಹತ್ತಿರದ ನೆಂಟರಿಂದ ಯಾವುದರಲ್ಲಿ ಬೇರೆ, ಇಷ್ಟನ್ನೂ ಬರೆದು ಆಮೇಲೆ ಹೆಸರು. ನಾನೂ ವಿವರ ಮೊದಲು ಬರೆಯುತ್ತೇನೆ. ಹಾಳೆ ತಿರುಗಿಸಿ ಕೊನೆ ನೋಡಬೇಡಿ.

ನೀವು ಮೊದಲ ಸಲ ನಮ್ಮ ನೆಲಮಾಳಿಗೆಗೆ ಬಂದಾಗ ಬೇಸಿಗೆ ಆಗಷ್ಟೇ ಶುರುವಾಗಿತ್ತು. ಮ್ಯೂಸಿಯಂನ ಮೇಲಿನ ಮಹಡಿಯ ಖಾಲಿ ಗೋಡೆಗೆ ಕಣ್ಣು ತುಂಬುವಂಥದ್ದು ಏನಾದರೂ ಬೇಕೆಂದು ನಮ್ಮ ಮುಖ್ಯಸ್ಥರಿಗೆ ಆಸೆ. ಅವರ ಮನಸ್ಸಿನಲ್ಲಿ ಇದ್ದದ್ದು ಚಿಟ್ಟೆಗಳು. ನಾನು ನೆಲಗಪ್ಪೆಗಳ ಕುಟುಂಬ ಎಂದೆ. ಅಂಗಡಿಯ ಮುಂದೆ ಹೂವಿನ ಬದಲು ಪೊರಕೆ ತೂಗುಹಾಕೋಣ ಎಂದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಇರುವುದೇ ಒಂದು ಥರ, ಮಣ್ಣಿನ ಬಣ್ಣ, ಮೈತುಂಬಾ ಗುಳ್ಳೆ, ಅದನ್ನೇನು ಗೋಡೆ ತುಂಬಾ ನೋಡುವುದು ಎಂದು ಅವರ ವಾದ. ಆರುನೂರಕ್ಕೂ ಹೆಚ್ಚು ಪ್ರಭೇದಗಳಿವೆ, ಅವು ಐವತ್ತಕ್ಕೂ ಹೆಚ್ಚು ಕುಲಗಳಲ್ಲಿ ಹಂಚಿಹೋಗಿವೆ, ಹೊಸವು ಇನ್ನೂ ಸಿಗುತ್ತಲೇ ಇವೆ ಎಂದು ನಾನು ಹೇಳಿದೆ. "ಆರುನೂರು ಜನಕ್ಕೂ ಗುಳ್ಳೇನಾ?" ಎಂದು ಕೇಳಿದರು. ಇಲ್ಲ, ಅದೇ ಗಮ್ಮತ್ತು ಎಂದೆ. "ಸರಿ, ನಿಮ್ಮ ಗೋಡೆ, ನಿಮ್ಮ ಹಣೆಬರಹ" ಎಂದು ಸಹಿ ಹಾಕಿದರು. ಹಾಗೆ ನೀವು ಬಂದಿರಿ, ಬಗಲಲ್ಲಿ ಒಂದು ಹಲಗೆ, ತೋಳಿನ ಮೇಲೆ ಹಿಂದಿನ ಕೆಲಸದ ನೀಲಿ ಬಣ್ಣ.

ಮೊದಲ ಚಿತ್ರ ನೆನಪಿದೆಯೇ? ಎಲ್ಲರ ಹಿತ್ತಲಲ್ಲೂ ಸಿಗುವ ಸಾಮಾನ್ಯ ನೆಲಗಪ್ಪೆ. ಹುಳ ಹಿಡಿಯಲು ಬಾಯಿ ತೆರೆದಿತ್ತು. ಗಿಡ್ಡ ಕಾಲು, ಕಣ್ಣಿನ ಹಿಂದಿನ ಎರಡು ವಿಷದ ಉಬ್ಬು, ಬೆನ್ನಿನ ಮೇಲಿನ ಒಂದೊಂದು ಗಂಟು, ಎಲ್ಲ ಜೀವ ಬಂದಂತೆ ಇದ್ದವು. ಮೇಲಿನ ದವಡೆಯಲ್ಲಿ ಮಾತ್ರ ಮುತ್ತು ಪೋಣಿಸಿದ ಹಾಗೆ ಹಲ್ಲುಗಳ ಸಾಲು. ಬೇರೆ ಕಪ್ಪೆಗಳಲ್ಲಿ ಬಹುಪಾಲಿಗೆ ಮೇಲ್ದವಡೆಯಲ್ಲಿ ಸಣ್ಣ ಹಲ್ಲುಗಳಿರುತ್ತವೆ, ಈ ಕುಟುಂಬದಲ್ಲಿ ಒಂದಕ್ಕೂ ಇಲ್ಲ ಎಂದು ನಾನು ಸಾಧ್ಯವಾದಷ್ಟು ಮೆಲ್ಲಗೆ ಹೇಳಿದೆ. ನೀವು ಚಿತ್ರವನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಿರಿ. "ಇಲ್ಲ ಅಂತ ನಂಗೂ ಕಾಣಿಸ್ತು ಮೇಡಂ. ಬಾಯಿ ಬಿಟ್ರೆ ಬೊಚ್ಚುಬಾಯಿ, ಪಾಪ ಅನ್ನಿಸ್ತು. ಅದಕ್ಕೇ ನಾನೇ ಕಟ್ಟಿಸಿಕೊಟ್ಟೆ."

ಎಷ್ಟೋ ದಿನಗಳ ಮೇಲೆ ನಾನು ಆ ಕೋಣೆಯಲ್ಲಿ ಗಟ್ಟಿಯಾಗಿ ನಕ್ಕದ್ದು ಅವತ್ತು. ಗಾಜಿನ ಜಾಡಿಗಳ ನಡುವೆ ನಗು ಎಷ್ಟು ದೊಡ್ಡದಾಗಿ ಕೇಳುತ್ತದೆ ಎಂದು ಗೊತ್ತೇ ಇರಲಿಲ್ಲ. ಆಮೇಲೆ ಗುಂಡುಸೂಜಿಯ ತಲೆಯನ್ನು ಮೇಲ್ದವಡೆಯ ಅಂಚಿನ ಮೇಲೆ ಮೆಲ್ಲಗೆ ಎಳೆಯುವುದನ್ನು ನಿಮಗೆ ಕಲಿಸಿದೆ. ತರಿತರಿಯಾಗಿ ತಡೆದರೆ ಹಲ್ಲಿದೆ, ಜಾರಿಕೊಂಡು ಹೋದರೆ ಇಲ್ಲ. ನಿಮಗೆ ಆ ಆಟ ಎಷ್ಟು ಹಿಡಿಸಿತೆಂದರೆ ಕಪಾಟಿನಲ್ಲಿದ್ದ ಎಲ್ಲರ ಬಾಯನ್ನೂ ನೋಡುವವರೆಗೆ ಬಿಡಲಿಲ್ಲ. ಮೇಲಿನ ಮಹಡಿಯವರು ನಿಮ್ಮನ್ನು ದಂತವೈದ್ಯರು ಎಂದು ಕರೆಯತೊಡಗಿದರು. ನೀವು ಆ ಹೆಸರಿಗೆ ಓಗೊಟ್ಟಿರಿ ಕೂಡ.

ನೀವು ಕೇಳುತ್ತಿದ್ದ ಪ್ರಶ್ನೆಗಳು ನನಗೆ ಇಷ್ಟವಾಗುತ್ತಿದ್ದವು. ಅವುಗಳಲ್ಲಿ ತಿಳಿದವರ ಗತ್ತೂ ಇರಲಿಲ್ಲ, ತಿಳಿಯದವರ ನಾಚಿಕೆಯೂ ಇರಲಿಲ್ಲ. ಗುಳ್ಳೆ ಇಲ್ಲದವೂ ಇವೆ, ಗಾಜಿನ ಹಾಗೆ ನಯವಾದ ಮೈ. ಕಣ್ಣಿನ ಹಿಂದೆ ವಿಷದ ಉಬ್ಬು ಇಲ್ಲದವಿವೆ. ನೆಲ ಬಿಟ್ಟು ಮರವೇರಿ ಬದುಕುವವು ಇವೆ, ಬೆರಳ ತುದಿ ಅಗಲವಾಗಿ, ಸೊಂಟ ಸಣ್ಣಗೆ. ಊಟದ ತಟ್ಟೆಯಷ್ಟು ದೊಡ್ಡವು ಇವೆ, ಹೆಬ್ಬೆರಳ ಉಗುರಿನ ಮೇಲೆ ಕೂರುವಂಥವೂ ಇವೆ. ಕೆಲವಕ್ಕೆ ಮೂತಿ ಚೂಪಾಗಿ ಕೊಕ್ಕಿನಂತೆ ಮುಂದಕ್ಕೆ ಬಂದಿದೆ. ಕೆಲವುಗಳ ಮರಿಮೀನಿನಂಥ ಗೊದಮೊಟ್ಟೆಗಳು ಹೊಟ್ಟೆಯಿಂದ ಬಂಡೆಗೆ ಅಂಟಿಕೊಂಡು, ಭೋರ್ಗರೆಯುವ ತೊರೆಯಲ್ಲೂ ಕೊಚ್ಚಿಹೋಗದೆ ನಿಲ್ಲುತ್ತವೆ. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ನೀವು ತಲೆ ಕೆರೆದುಕೊಂಡು, "ಹಾಗಾದ್ರೆ ಒಂದೇ ಗುರುತು ಹಿಡ್ಕೊಂಡು, ಇವನು ನಮ್ಮೋನು ಅಂತ ಹೇಳೋಕಾಗಲ್ವಾ?" ಎಂದಿರಿ.

ಹೇಳಲಾಗುವುದಿಲ್ಲ. ಹಲ್ಲಿಲ್ಲದಿರುವುದು ಎಲ್ಲರಲ್ಲೂ ಇರುವ ಗುರುತೇನೋ ಹೌದು, ಆದರೆ ಬೇರೆ ಕುಟುಂಬಗಳಲ್ಲೂ ಅಲ್ಲೊಂದು ಇಲ್ಲೊಂದು ಬೊಚ್ಚುಬಾಯಿ ಇವೆ. ಈ ಕುಟುಂಬದ ಹೆಚ್ಚಿನ ಗಂಡುಗಳ ಒಡಲಲ್ಲಿ ಅಂಡಾಶಯದ ಒಂದು ಸಣ್ಣ ತುಣುಕು ಇರುತ್ತದೆ ಎಂದು ಹೇಳಿದಾಗ ನೀವು, "ಅದು ಎಲ್ಲರಿಗೂ ಇರಬೇಕಿತ್ತು, ಮನೆಗಳು ಸುಧಾರಿಸ್ತಿದ್ವು" ಎಂದಿರಿ. ಅದೂ ಕೆಲವುಗಳಲ್ಲಿ ಇಲ್ಲ. ಕೊನೆಗೆ ಹಿರೀಕರು ಯಾರು ಎಂಬುದೇ ಲೆಕ್ಕ. ಈಗ ಎಷ್ಟೇ ಬೇರೆಯಾಗಿ ಕಾಣಲಿ, ಒಂದೇ ಹಿರಿಯ ಜೀವದಿಂದ ಕವಲೊಡೆದು ಬಂದವರೆಲ್ಲ ಒಂದು ಕುಟುಂಬ. ಆ ಹಿರಿಯನನ್ನು ಯಾರೂ ಕಂಡಿಲ್ಲ. ಮರಿಮಕ್ಕಳ ಎಲುಬು, ಚರ್ಮ, ರಕ್ತವನ್ನು ನೋಡಿ ಊಹಿಸಬೇಕು. ಅದಕ್ಕೇ ನೀವು ಗೋಡೆಯ ಮೇಲೆ ವಂಶವೃಕ್ಷದ ಬದಲು ನದಿಯನ್ನು ಬರೆದಿರಿ, ಕವಲು ಕವಲಾಗಿ ಹರಿದು ಒಂದೊಂದು ಕವಲಿನ ಕೊನೆಗೆ ಒಂದೊಂದು ಕಪ್ಪೆ ಕೂತಿರುವಂತೆ. ನದಿಯ ಮೂಲದಲ್ಲಿ ಏನು ಬರೆಯಲಿ ಎಂದು ಕೇಳಿದಿರಿ. ಗೊತ್ತಿಲ್ಲ ಎಂದೆ. "ಹಾಗಾದ್ರೆ ಖಾಲಿ ಬಿಡ್ತೀನಿ. ಗೊತ್ತಿಲ್ಲದ್ದನ್ನ ಬರೆಯೋ ಚಟ ಹಲ್ಲಿನ ದಿವಸಾನೇ ಬಿಟ್ಟೆ." ಆ ಖಾಲಿ ಜಾಗ ಇಡೀ ಗೋಡೆಯಲ್ಲಿ ನನಗೆ ಬಹಳ ಇಷ್ಟವಾದದ್ದು. ನಿಮಗೆ ಹೇಳಿರಲಿಲ್ಲ.

ಬಣ್ಣಗಳದ್ದು ಬೇರೆಯೇ ಕಥೆ. ಸ್ಪಿರಿಟ್ಟಿನಲ್ಲಿ ಬಹಳ ಕಾಲ ಮಲಗಿದ ಕಪ್ಪೆ, ಬದುಕಿದ್ದಾಗ ಯಾವ ಬಣ್ಣವಿದ್ದರೂ, ಕೊನೆಗೆ ಹಳೆಯ ಟೀ ಬಣ್ಣಕ್ಕೆ ಬರುತ್ತದೆ. ಜಾಡಿಯಲ್ಲಿರುವುದೆಲ್ಲ ಕಂದು, ಗೋಡೆಗೆ ಬೇಕಾದದ್ದು ಹಳದಿ, ಕಡುಗೆಂಪು, ಕರಿಯ ಮೈಮೇಲೆ ಬಿಳಿಯ ಗೆರೆ. ಹಿಡಿದು ತಂದವರು ಬದುಕಿದ್ದಾಗಿನ ಬಣ್ಣವನ್ನು ಬರೆದಿಟ್ಟಿದ್ದನ್ನು ನಾನು ಓದಬೇಕು, ನೀವು ಕಲಸಬೇಕು. "ಹಳದಿ" ಎಂದು ಓದಿದರೆ "ಯಾವ ಹಳದಿ?" ಎನ್ನುತ್ತಿದ್ದಿರಿ. ಎತ್ತರದ ಮಂಜಿನ ಕಾಡಿನ ಆ ತೆಳ್ಳನೆಯ ಕಪ್ಪೆಗೆ ನಾನು ಕಣ್ಣು ಮುಚ್ಚಿ ಯೋಚಿಸಿ, ಬೆಳಿಗ್ಗೆ ಎಚ್ಚರವಾದರೂ ಕಣ್ಣು ತೆರೆಯದೆ ಮಲಗಿದಾಗ ರೆಪ್ಪೆಯ ಆಚೆ ಇರುವ ಹಳದಿ ಎಂದೆ. "ಆ ಟ್ಯೂಬು ಅಂಗಡೀಲಿ ಸಿಗಲ್ಲ ಮೇಡಂ" ಎಂದಿರಿ. ಮಾರನೆಯ ದಿನ ಬಂದು ನೋಡಿದರೆ ಹಲಗೆಯ ಮೇಲೆ ಅದೇ ಹಳದಿ ಇತ್ತು. ನಾನು ಕವಿತೆ ಓದುತ್ತಾ ಬಂದದ್ದು ಮೂವತ್ತು ವರ್ಷದಿಂದ. ಒಬ್ಬರ ಕೈಗೆ ಅದರಿಂದ ಉಪಯೋಗವಾದದ್ದು ಅದೇ ಮೊದಲು.

ಆ ಬಂಗಾರದ ಬಣ್ಣದ ಕಪ್ಪೆಯನ್ನು ಬರೆದ ದಿನ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಜಗತ್ತಿನಲ್ಲಿ ಒಂದೇ ಒಂದು ಬೆಟ್ಟದ ಮೇಲೆ ಇದ್ದದ್ದು, ನಾನು ಶಾಲೆಯಲ್ಲಿದ್ದ ಕಾಲಕ್ಕೆ ಕೊನೆಯ ಸಲ ಕಂಡದ್ದು, ಮತ್ತೆ ಯಾರಿಗೂ ಕಾಣಲಿಲ್ಲ. ಅದರ ಪಕ್ಕದ ಕವಲಿಗೆ ಬೇಕೆಂದೇ ನಾನು ಆ ಪುಟಾಣಿ ಕಪ್ಪೆಯನ್ನು ಕೊಟ್ಟೆ. ಒಂದೇ ಜಲಪಾತದ ತುಂತುರಿನಲ್ಲಿ ಬದುಕುತ್ತಿದ್ದದ್ದು, ನೀರು ಕಡಿಮೆಯಾಗಿ ರೋಗವೂ ತಗಲಿ ಅಲ್ಲಿಂದ ಪೂರ್ತಿ ಅಳಿದದ್ದು, ದೂರದ ಮೃಗಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿ ಕೃತಕ ತುಂತುರಿನ ಕೆಳಗೆ ಮರಿಹಾಕಿ ಮರಿಹಾಕಿ ಹೆಚ್ಚಿ, ಮತ್ತೆ ತನ್ನ ಜಲಪಾತಕ್ಕೆ ವಿಮಾನದಲ್ಲಿ ಹೋದದ್ದು. ವಿಮಾನದಲ್ಲಿ ಕಿಟಕಿ ಸೀಟು ಸಿಕ್ಕಿತಂತಾ ಎಂದು ನೀವು ಕೇಳಿದಿರಿ. ಆ ಇಡೀ ಮಧ್ಯಾಹ್ನದಲ್ಲಿ ನೀವಾಡಿದ್ದು ಅದೊಂದೇ ಮಾತು. ಅಷ್ಟು ಸಾಕಿತ್ತು.

ಇನ್ನು ಚೀಟಿಗಳ ವಿಷಯ. ನಮ್ಮ ಪ್ರತಿ ಜಾಡಿಯ ಒಳಗೂ ಪೆನ್ಸಿಲಿನಲ್ಲಿ ಬರೆದ ಚೀಟಿ ತೇಲುತ್ತಿರುತ್ತದೆ. ಶಾಯಿಯನ್ನು ಸ್ಪಿರಿಟ್ಟು ಕರಗಿಸುತ್ತದೆ, ಪೆನ್ಸಿಲ್ಲಿಗೆ ಏನೂ ಆಗುವುದಿಲ್ಲ. ಹಿಂದೆ ಜಗತ್ತಿನ ಸಾಮಾನ್ಯ ನೆಲಗಪ್ಪೆಗಳಲ್ಲಿ ಬಹುಪಾಲನ್ನು ಒಂದೇ ಕುಲದ ಹೆಸರಿನ ಕೆಳಗೆ ತುಂಬಿಟ್ಟಿದ್ದರು, ಮನೆಯ ಬೇಡದ ಸಾಮಾನನ್ನೆಲ್ಲ ಒಂದೇ ಅಟ್ಟಕ್ಕೆ ಹಾಕಿದಂತೆ. ನಾನು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ತಿಳಿದವರು ಹಿರೀಕರ ಎಳೆ ಹಿಡಿದು ಬಿಡಿಸಿ, ಆ ಒಂದು ಕುಲವನ್ನು ಎಷ್ಟೋ ಕುಲಗಳಾಗಿ ಮಾಡಿದರು. ವರ್ಷವಿಡೀ ಕೂತು ಹೊಸ ಚೀಟಿ ಬರೆದೆ. ಆಗ ಅಮ್ಮ, "ಏನೇ, ಊರಿನ ಕಪ್ಪೆಗಳಿಗೆಲ್ಲ ಗಂಡನ ಮನೆ ಹೆಸರು ಬರೀತಿದೀಯಾ?" ಎಂದು ರೇಗಿಸುತ್ತಿದ್ದಳು. ಒಂದು ಜಾಡಿಯಲ್ಲಿ ಮೂರು ಚೀಟಿ ಕಂಡು ನೀವು ಯಾಕೆಂದು ಕೇಳಿದಿರಿ. ಹೊಸ ಚೀಟಿ ಹಾಕುವಾಗ ಹಳೆಯದನ್ನು ತೆಗೆಯುವುದಿಲ್ಲ, ಅದು ನಮ್ಮಲ್ಲಿ ಕಟ್ಟುನಿಟ್ಟು ಎಂದೆ. "ತಪ್ಪಾಗಿದ್ರೂನಾ?" ತಪ್ಪು ಎನ್ನಲಾಗುವುದಿಲ್ಲ, ಆಗ ಅದನ್ನು ಕಂಡವರಿಗೆ ಅದು ಹಾಗೆ ಕಂಡಿತ್ತು, ಆ ಕಣ್ಣಿಗೂ ಜಾಗವಿರಬೇಕು ಎಂದೆ.

ನೀವು ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದಿರಿ. ಮರುದಿನ ಮೊದಲ ಸಲ ನಿಮ್ಮ ತೀರಿಹೋದ ಹೆಂಡತಿಯ ಮಾತು ತೆಗೆದಿರಿ. "ಅವಳಿಗೆ ಕಪ್ಪೆ ಕಂಡ್ರೆ ಆಗ್ತಿರಲಿಲ್ಲ. ಇದ್ದಿದ್ರೆ ನನ್ನನ್ನ ಈ ಕೆಲಸಕ್ಕೆ ಹೊಸ್ತಿಲು ದಾಟಿಸ್ತಿರಲಿಲ್ಲ" ಎಂದಿರಿ. ಅವರು ನಿಮ್ಮ ಚಿತ್ರಗಳಲ್ಲಿ ನೆರಳು ಕಡಿಮೆ ಎಂದು ಆಕ್ಷೇಪಿಸುತ್ತಿದ್ದರಂತೆ. ಅವರು ಹೋದ ಮೇಲೆ ನೀವು ನೆರಳು ಬರೆಯಲು ಕಲಿತಿರಂತೆ. ಇದನ್ನೆಲ್ಲ ದುಃಖದ ದನಿಯಿಲ್ಲದೆ, ಪಕ್ಕದ ಕೋಣೆಯಲ್ಲಿರುವವರ ವಿಷಯ ಹೇಳುವ ಹಾಗೆ ಹೇಳಿದಿರಿ. ನಾನು ಕುಂಚಕ್ಕೆ ಇನ್ನೊಂದು ಬಟ್ಟಲು ನೀರು ತಂದಿಟ್ಟೆ.

ಈಗ ಬುಧವಾರಕ್ಕೆ ಬರುತ್ತೇನೆ. ನೀವು ಕೇಳಿ ಹೋದ ಮಾರನೆಯ ದಿನ. ಹೊಸದಾಗಿ ಬಂದ ಒಂದು ಕಪ್ಪೆಗೆ ಚೀಟಿ ಬರೆದು ಜಾಡಿಗೆ ಹಾಕಿ ಮನೆಗೆ ಬಂದೆ. ಸಂಜೆ ಅಮ್ಮ ಚೀಲ ಹಿಡಿದು ಅಂಗಡಿಗೆ ಹೊರಟಾಗ ಸಾಮಾನಿನ ಚೀಟಿಯನ್ನು ಕೈಗೆ ಕೊಟ್ಟೆ. ಅವಳು ಖಾಲಿ ಚೀಲದೊಂದಿಗೆ ವಾಪಸು ಬಂದಳು. ಅಂಗಡಿಯವನು ಕನ್ನಡಕ ಹಾಕಿಕೊಂಡು, ಕೊಳ್ಳಲು ನಿಂತಿದ್ದವರೆಲ್ಲ ಕೇಳುವಂತೆ ಓದಿದನಂತೆ: ಗಂಡು, ಪ್ರಾಯಕ್ಕೆ ಬಂದದ್ದು, ಬೆನ್ನು ನಯ, ಹಲ್ಲಿಲ್ಲ, ತೊರೆಯ ಪಕ್ಕದ ಬಂಡೆಯ ಮೇಲೆ ಸಿಕ್ಕಿದ್ದು. ಆಮೇಲೆ ಬಹಳ ಮರ್ಯಾದೆಯಿಂದ, "ಅಜ್ಜಿ, ಈ ಮಾಲು ನಮ್ಮಲ್ಲಿ ಬರಲ್ಲ" ಎಂದನಂತೆ.

ಅದೇ ಕಾಗದ, ಅದೇ ಪೆನ್ಸಿಲ್. ಎರಡು ಚೀಟಿಗಳು ಒಂದರ ಜಾಗಕ್ಕೆ ಇನ್ನೊಂದು ಹೋಗಿದ್ದವು. ಅಮ್ಮ ಎದುರು ಕುರ್ಚಿ ಎಳೆದುಕೊಂಡು ಕೂತಳು. "ಇಷ್ಟು ವರ್ಷದಲ್ಲಿ ನಿನ್ನದು ಒಂದು ಚೀಟಿ ತಪ್ಪಿದ್ದು ನೋಡಿಲ್ಲ ನಾನು. ಏನಾಗಿದೆ ಹೇಳು." ಹೇಳಿದೆ. ನಲ್ಲಿ, ಕುಂಚ, ಹಕ್ಕಿಗಳು, ಸೋಮವಾರ, ಎಲ್ಲವನ್ನೂ. ಅವಳು ಪೂರ್ತಿ ಕೇಳಿ, ಚೀಟಿಯನ್ನು ಇನ್ನೊಮ್ಮೆ ಓದಿ, "ಇವರಿಗೆ ಹಲ್ಲಿದೆ ತಾನೆ?" ಎಂದಳು.

ನಾನು ಅವಳನ್ನು ಮುಂದಿಟ್ಟುಕೊಂಡು ತಪ್ಪಿಸಿಕೊಳ್ಳಲು ನೋಡಿದೆ. ನಿನ್ನನ್ನು ಯಾರು ನೋಡಿಕೊಳ್ಳುತ್ತಾರೆ, ನಿನಗೆ ಹೊಸಬರು ಒಗ್ಗುತ್ತಾರೋ ಇಲ್ಲವೋ, ಎಂದೆಲ್ಲ. "ನನ್ನನ್ನ ನಡುವೆ ತರಬೇಡ. ನಾನೇನು ನಿನ್ನ ಬಾಗಿಲಿಗೆ ಹಾಕಿದ ಬೀಗಾನಾ? ನಿನಗೆ ಬೇಕಾ ಬೇಡ್ವಾ ಅದು ಹೇಳು" ಎಂದಳು. ಬೇಕು ಎಂದೆ. ಆ ಒಂದು ಶಬ್ದ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಮತ್ತೆ ಏನು ಅಡ್ಡಿ ಎಂದಳು.

ಅಡ್ಡಿ ಇದ್ದದ್ದು ಇದು. ಐವತ್ತರ ಹೊಸ್ತಿಲಲ್ಲಿ ಮದುವೆಯಾದರೆ ಜನ ಏನೆನ್ನುತ್ತಾರೆ ಎಂದು ನನಗೆ ಗೊತ್ತು. ಬೈಯುವುದಿಲ್ಲ, ಸಂತೋಷಪಡುತ್ತಾರೆ, ಅದೇ ಕಷ್ಟ. ಅಂತೂ ಇಂತೂ ದಡ ಸೇರಿದಳು ಎನ್ನುತ್ತಾರೆ. ಇಲ್ಲಿಯವರೆಗೆ ಬದುಕಿದ್ದೆಲ್ಲ ಒಂದು ತಪ್ಪು ಚೀಟಿ, ಈಗ ಸರಿಪಡಿಸಿದ್ದಾಯಿತು ಎನ್ನುವ ಹಾಗೆ. ನನಗೆ ಹಾಗಲ್ಲ. ಒಬ್ಬಳೇ ನಡೆದ ಬೀದಿಗಳು, ಊಟವಾದ ಮೇಲೆ ಗೋಡೆಗೆ ಒರಗಿ ಗಟ್ಟಿಯಾಗಿ ಓದಿಕೊಂಡ ಕವಿತೆಗಳು, ಜಾಡಿಗಳ ನಡುವಿನ ಮೌನ, ಅಮ್ಮನೊಡನೆ ಜಗಳವಾಡಿ ಇಬ್ಬರೂ ಮುಖ ಊದಿಸಿಕೊಂಡು ಒಂದೇ ಸಿನಿಮಾ ನೋಡಿದ ಭಾನುವಾರಗಳು, ಇವೆಲ್ಲ ನನ್ನವು, ತುಂಬಿದವು. ಯಾವುದಕ್ಕೋ ಕಾಯುತ್ತಾ ಕಳೆದವಲ್ಲ. ನಿಮಗೆ ಹೂಂ ಎಂದರೆ ಅವಕ್ಕೆ ಊಹೂಂ ಎಂದಂತಾಗುತ್ತದೆಯೇ ಎಂಬ ಹೆದರಿಕೆ ನನಗಿತ್ತು. ಕಪಾಟಿನ ಸಂದಿಯಲ್ಲಿ ನಿಂತಾಗಲೂ ಅದೇ.

ಗುರುವಾರ ನಾನು ಹೋಗುವ ಮುಂಚೆಯೇ ಮುಖ್ಯಸ್ಥರು ಅತಿಥಿಗಳನ್ನು ಕರೆದುಕೊಂಡು ಕೆಳಗೆ ಬಂದಿದ್ದರು. ಹೊಸ ಜಾಡಿಯನ್ನೇ ಎತ್ತಿ ತೋರಿಸಬೇಕೇ? ಒಳಗಿನ ಚೀಟಿಯನ್ನು ಗಟ್ಟಿಯಾಗಿ ಓದಿದರಂತೆ: ಹಾಲು, ಬ್ರೆಡ್ಡು, ಅಮ್ಮನ ಮಾತ್ರೆ, ಬಟ್ಟೆ ಸೋಪು. ಅತಿಥಿಗಳಲ್ಲಿ ಒಬ್ಬರು ಇದು ಯಾವ ಕುಲದ್ದು ಎಂದು ನಿಜವಾಗಿಯೂ ಕೇಳಿದರಂತೆ. ನಾನು ಹೋಗಿ ಕ್ಷಮೆ ಕೇಳಿ, ಸರಿಯಾದ ಚೀಟಿಯನ್ನು ಹಾಕಲು ಮುಚ್ಚಳ ತೆರೆದೆ. ಇಕ್ಕಳದಲ್ಲಿ ಸಾಮಾನಿನ ಚೀಟಿಯನ್ನು ಹಿಡಿದು ಅರ್ಧಕ್ಕೆ ಎತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಮುಖ್ಯಸ್ಥರು, "ಹಾಕಿದ ಚೀಟಿ ತೆಗೆಯೋ ಹಾಗಿಲ್ಲ ಅಂತ ನಮಗೆಲ್ಲ ಪಾಠ ಮಾಡಿದ್ದು ನೀವೇ ಅಲ್ವಾ?" ಎಂದರು. ಅವರ ಮುಖ ಗಂಭೀರವಾಗಿತ್ತು. ಹೊಟ್ಟೆ ಮಾತ್ರ ಕುಲುಕುತ್ತಿತ್ತು.

ಚೀಟಿಯನ್ನು ಮತ್ತೆ ಒಳಗೆ ಬಿಟ್ಟೆ. ಅದರ ಪಕ್ಕಕ್ಕೆ ಕಪ್ಪೆಯ ಚೀಟಿಯನ್ನೂ ಇಳಿಸಿದೆ. ಎರಡೂ ಕಪ್ಪೆಯ ಸುತ್ತ ಒಂದು ಸುತ್ತು ತಿರುಗಿ, ಒಂದಕ್ಕೊಂದು ಒರಗಿ ನಿಂತವು. ಇನ್ನು ಎಷ್ಟು ಕಾಲ ಆ ಜಾಡಿ ಇರುತ್ತದೋ ಅಷ್ಟು ಕಾಲ ನಮ್ಮ ಮನೆಯ ಹಾಲು, ಬ್ರೆಡ್ಡು ಅಲ್ಲಿರುತ್ತವೆ. ಮುಂದೆ ಯಾರೋ ಓದಿ, ಇದನ್ನು ಬರೆದವಳಿಗೆ ಅವತ್ತು ಏನಾಗಿತ್ತು ಎಂದು ಯೋಚಿಸಬಹುದು. ಯೋಚಿಸಲಿ. ಆಗ ನನ್ನ ಆ ಹೆದರಿಕೆ ಹೋಯಿತು. ಹೊಸದನ್ನು ಬರೆಯಲು ಹಳೆಯದನ್ನು ಅಳಿಸಬೇಕಿಲ್ಲ ಎಂದು ದಿನಾ ಕೈಯಿಂದ ಮಾಡುತ್ತಾ ಬಂದವಳು ನಾನು. ತಲೆಗೆ ಹೋಗಲು ಬ್ರೆಡ್ಡು ಸೋಪು ಬೇಕಾಯಿತು.

ನಿಮ್ಮ ವಿವರ ಇನ್ನೂ ಬಾಕಿ ಇದೆ. ಬರೆದುಬಿಡುತ್ತೇನೆ. ಗಾತ್ರದಲ್ಲಿ ನನಗಿಂತ ಒಂದು ಬೆರಳು ಗಿಡ್ಡ, ನೆಲಗಪ್ಪೆಗಳಲ್ಲಿ ಹೆಣ್ಣೇ ದೊಡ್ಡದಾದ್ದರಿಂದ ಇದು ನಮ್ಮ ಕೋಣೆಯಲ್ಲಿ ವಾಡಿಕೆಯೇ. ನಡಿಗೆ ನಿಧಾನ, ನೆಗೆತ ಅಪರೂಪ. ಬಲಗೈಯ ಮೊದಲ ಎರಡು ಬೆರಳುಗಳ ನಡುವೆ ಬಣ್ಣದ ಕಲೆ, ಋತುವಿಗೆ ತಕ್ಕಂತೆ ಬದಲಾಗುತ್ತದೆ. ಸಂತೋಷವಾದಾಗ ಗಂಟಲಿನಿಂದ ಒಂದು ಸಣ್ಣ ಗುನುಗು ಹೊರಡುತ್ತದೆ, ತನಗೆ ಅದು ಗೊತ್ತಿಲ್ಲ. ಯಾರಾದರೂ ತಪ್ಪು ತೋರಿಸಿದರೆ ಮುನಿಯುವುದಿಲ್ಲ, ನಗಿಸುತ್ತದೆ. ಖಾಲಿ ಬಿಡಬೇಕಾದ ಜಾಗವನ್ನು ಖಾಲಿ ಬಿಡಬಲ್ಲದು. ಇಂಥದ್ದನ್ನು ನಾನು ಮೊದಲು ಕಂಡಿಲ್ಲ.

ಹಕ್ಕಿಗಳಿಗೆ ಆಗುವುದಿಲ್ಲವೆಂದು ಬರೆದುಬಿಡಿ.

ಇನ್ನು ಕೆಲವು ಮಾತು. ಸಂಜೆ ನಾನು ಕವಿತೆಯನ್ನು ಗಟ್ಟಿಯಾಗಿಯೇ ಓದುತ್ತೇನೆ, ನೀವು ಕೇಳಲೇಬೇಕೆಂದಿಲ್ಲ. ಅಮ್ಮನೊಡನೆ ಜಗಳ ನಡೆಯುವಾಗ ಯಾರ ಪಕ್ಷವನ್ನೂ ವಹಿಸಬೇಡಿ, ಇಬ್ಬರೂ ಒಟ್ಟಾಗಿ ನಿಮ್ಮ ಮೇಲೆ ಬೀಳುತ್ತೇವೆ. ನಿಮ್ಮ ಹೆಂಡತಿಯ ಫೋಟೋವನ್ನು ಮರೆಯದೆ ತನ್ನಿ. ಊಟದ ಮೇಜಿನ ಎದುರಿನ ಗೋಡೆಯಲ್ಲಿ ಜಾಗ ನೋಡಿದ್ದೇನೆ, ಬೆಳಕು ಚೆನ್ನಾಗಿದೆ, ಕಪ್ಪೆಗಳ ಚಿತ್ರ ಅಲ್ಲಿಂದ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಉತ್ತರದ ಬೆಳಕು ಬೀಳುವ ಕೋಣೆ ಅಮ್ಮನದು. ಚಿತ್ರ ಬರೆಯುವವರಿಗೆ ಅದೇ ಬೇಕೆಂದು ಯಾರು ಹೇಳಿದರೋ ಅವಳಿಗೆ, ಬೆಳಗಿನಿಂದ ತನ್ನ ಪೆಟ್ಟಿಗೆಗಳನ್ನು ಒಂದೊಂದಾಗಿ ಆಚೆ ಎಳೆಯುತ್ತಿದ್ದಾಳೆ. ಸಹಾಯಕ್ಕೆ ಹೋದರೆ ನೀನು ಕಾಗದ ಮುಗಿಸು ಎಂದು ಗದರುತ್ತಾಳೆ. ಬದಲಿಗೆ ಅವಳಿಗೆ ಒಂದೇ ಬೇಡಿಕೆ: ಅವಳದೊಂದು ಚಿತ್ರ ಬರೆದುಕೊಡಬೇಕಂತೆ. ಹಲ್ಲಿನ ಸೆಟ್ಟು ಹಾಕಿಕೊಂಡು ಕೂರುತ್ತಾಳಂತೆ, ನೀವು ಕಟ್ಟಿಸುವ ಶ್ರಮ ಬೇಡವಂತೆ.

ನಿಮ್ಮ ಕಣ್ಣು ತೀಕ್ಷ್ಣವಾಗಿರಲಿ, ಕೈ ನಡುಗದಿರಲಿ, ಕುಂಚ ತೊಳೆಯುವ ನೀರು ದಿನಾ ಬಣ್ಣವಾಗುತ್ತಿರಲಿ. ಇನ್ನು ಬರಲು ನೆಪ ಹುಡುಕಬೇಡಿ.

ಇಂತು,
ನೆಲಮಾಳಿಗೆಯ ಮೇಡಂ

ಮತ್ತೆ: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಎದುರು ಮನೆಯ ಟೈಲರಕ್ಕ, ಕೊರಳಲ್ಲಿ ಅಳತೆಯ ಟೇಪು, ತುಟಿಯಂಚಿನಲ್ಲಿ ಗುಂಡುಸೂಜಿ. ಅವರು ಹೇಳಿದ್ದರಲ್ಲಿ ಅರ್ಧ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಲಕೋಟೆ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ, ಅವರು ಬಾಗಿಲಲ್ಲಿ ನಿಂತು ಯಾವ ದನಿಯಲ್ಲಿ ಹೇಳಿದರೆಂದು ನೀವು ಕೇಳಿಲ್ಲವಲ್ಲ: "ನಿಮ್ಮ ಮ್ಯೂಸಿಯಂನೋರು ಒಬ್ರು ಬೆಳಿಗ್ಗೆಯಿಂದ ನಮ್ಮ ಮೆಟ್ಟಿಲು ಹತ್ತೋದು ಇಳಿಯೋದು ಮಾಡ್ತಿದ್ರು. ನೋಡೋಕಾಗ್ದೆ ನಮ್ಮನೇಲಿ ಕೂರಿಸಿ ಟೀ ಕೊಟ್ಟಿದೀನಿ. ನೀವು ಅವರಿಗೇ ಏನೋ ಬರೀತಿದೀರಂತೆ, ನಿಮ್ಮಮ್ಮ ಎಲ್ಲಾ ಹೇಳಿದ್ರು, ಬರ್ಕೊಳ್ಳಿ, ಅವಸರ ಇಲ್ಲ. ಹೇಗೂ ಸುಮ್ನೆ ಕೂತಿದಾರಲ್ಲ ಅಂತ ನಾನು ಮದುವೆ ಅಂಗಿಗೆ ಅಳತೆ ತಗೊಂಡ್ಬಿಟ್ಟೆ."